ಹಿಮಬಂಡಿಯ ರಿವರ್ಸ್ ಗೇರ್

ಅಬಿಸ್ಕೊ, ಉತ್ತರ ಸ್ವೀಡನ್
ಮಾರ್ಚ್ 14, ಶುಕ್ರವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಮ್ಮ ಎಣ್ಣೆ ಹಚ್ಚಲು ಬಂದರೆ ಬೇಡವೆನ್ನಬೇಡಿ. ನಾನು ಆರೋಗ್ಯವಾಗಿದ್ದೇನೆ. ಸರೋವರದ ಮಂಜುಗಡ್ಡೆ ಅಳೆಯಲು ಲಿಂಕೋಪಿಂಗ್‌ನಿಂದ ಇಲ್ಲಿಗೆ ಬಂದು ಒಂಬತ್ತು ದಿನವಾಯಿತು. ಜೊತೆಗೆ ವಿಶ್ವವಿದ್ಯಾಲಯದ ನಮ್ಮ ವಿಭಾಗದ ಕಾರ್ತಿಕೇಯ, ಧಾರವಾಡದವನು. ಓಡಾಟವೆಲ್ಲ ಹಿಮದ ಮೇಲೆ ಓಡುವ ಸ್ನೋಮೊಬೈಲ್‌ನಲ್ಲಿ. ಮುಂದೆ ಎರಡು ಹಿಮಹಲಗೆ, ಹಿಂದೆ ಸುತ್ತುವ ರಬ್ಬರ್ ಪಟ್ಟಿ. ಅದನ್ನು ಕಲಿಸಿದವರು ಲೀಸಾ ಎಂಬ ಅರವತ್ತರ ಹೆಂಗಸು. ಮುಂದೆ ಹೋಗುವುದನ್ನು ಅರ್ಧ ಗಂಟೆಯಲ್ಲಿ ಹೇಳಿಕೊಟ್ಟರು. ಹಿಂದೆ ಬರುವುದಕ್ಕೆ ಒಂದು ಇಡೀ ದಿನ. ಗಾಡಿ ಪೂರ್ತಿ ನಿಲ್ಲಬೇಕು, ಆಮೇಲೆ ರಿವರ್ಸ್ ಗುಂಡಿ ಒತ್ತಬೇಕು, ಹ್ಯಾಂಡಲ್ ಜೋರಾಗಿ ತಿರುಗಿಸಬಾರದು. ಪಕ್ಕದಲ್ಲಿ ನಿಂತವರ ಎತ್ತಿದ ಕೈ ಕಾಣದಿದ್ದರೆ ಹೆಬ್ಬೆರಳಿನಿಂದ ವೇಗ ಕೊಡುವ ಥ್ರಾಟಲ್ ಮುಟ್ಟಲೇಬಾರದು.

ಮೊನ್ನೆ ಮಧ್ಯಾಹ್ನ ಸರೋವರದ ನಡುವೆ ಮುಂದಿನ ಗಾಡಿಯಲ್ಲಿದ್ದ ಲೀಸಾ ನಮ್ಮನ್ನು ತಡೆದರು. ಹಿಮದ ಕೆಳಗೆ ನೀರು ಜಿನುಗಿತ್ತು. ಹಿಂದೆ ಸರಿಯಲೇಬೇಕು. ನನ್ನ ಬೆನ್ನ ಹಿಂದೆ ಕೂತಿದ್ದ ಕಾರ್ತಿಕೇಯ ಇಳಿದು, ಗಾಡಿಗೆ ಕಟ್ಟಿದ್ದ ಸಾಮಾನಿನ ಸ್ಲೆಡ್ಜ್ ಬಿಚ್ಚಿ ದೂರ ತಳ್ಳಿದ, ಕೈ ತೋರಿಸಲು ಎಡಕ್ಕೆ ನಿಲ್ಲುತ್ತೇನೆಂದ. ಅಷ್ಟರಲ್ಲಿ ಗಾಳಿ ಎದ್ದು ಹಿಮವನ್ನೆಲ್ಲ ಹಾರಿಸಿತು. ಗುಂಡಿ ಒತ್ತಿದೆ, ಗಾಡಿ ಕೀ ಕೀ ಎನ್ನತೊಡಗಿತು. ತಿರುಗಿ ನೋಡಿದರೆ ಬರೀ ಬಿಳುಪು. ಆಕಾಶ ಯಾವುದು, ನೆಲ ಯಾವುದು ತಿಳಿಯಲಿಲ್ಲ. ಮುಂದಿನ ಹಲಗೆ ನಿಧಾನವಾಗಿ ಕುಸಿಯುತ್ತಿತ್ತು. ಹೆಬ್ಬೆರಳು ಥ್ರಾಟಲ್ ಮೇಲಿತ್ತು. ಕೈ ಮಾತ್ರ ಕಾಣಲಿಲ್ಲ. ಎಂಜಿನ್ ಆರಿಸಿಬಿಟ್ಟೆ.

ಆಗ ತೀರ ಹತ್ತಿರದಿಂದ, ಕೆಳಗಿನಿಂದ, ದನಿ ಬಂತು: “ವೈದೇಹಿ, ರಿವರ್ಸ್ ತಗೋಬೇಡ. ನಾನು ಹಿಂದೇನೇ ಬಿದ್ದಿದೀನಿ.”

ಕಾಲು ಹೂತು ಬಿದ್ದಿದ್ದ. ಪಟ್ಟಿಗೂ ಅವನ ತಲೆಗೂ ನಡುವೆ ಒಂದು ಗೇಣು. ಎಬ್ಬಿಸಿ ನಿಲ್ಲಿಸಿದೆ. ಗಾಳಿ ಇಳಿದ ಮೇಲೆ ಅವನು ಎಡಕ್ಕೆ ಹೋಗಿ ಕೈ ಎತ್ತಿದ. ಇಂಚಿಂಚೇ ಹಿಂದೆ ಬಂದೆ. ಆಮೇಲೆ ಸುತ್ತಲಿನ ಬೆಟ್ಟಗಳೆಲ್ಲ ಒಮ್ಮೆಲೇ ಕಂಡವು, ಬಿಸಿಲಲ್ಲಿ ಹೊಳೆಯುತ್ತ. ಕಾಲಡಿಯಲ್ಲಿ ಮಂಜುಗಡ್ಡೆ ಗುಡುಗಿನಂತೆ ಮೊಳಗಿತು. ಅಷ್ಟು ದೊಡ್ಡದರ ನಡುವೆ ನಾವು ಮೂವರು ಬದುಕಿ ನಿಂತಿದ್ದೆವು. ನನಗರಿವಿಲ್ಲದೆ ಕೈ ಮುಗಿದೆ.

ಅಮ್ಮನಿಗೆ, ಚಿಕ್ಕಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳು,
ವೈದೇಹಿ

ತಾ.ಕ.: ನೀವು ಲಾರಿ ಹಿಂದಕ್ಕೆ ತೆಗೆಯುವಾಗ ಚಿಕ್ಕಪ್ಪನ ಕಾಲು ಚಕ್ರಕ್ಕೆ ಸಿಕ್ಕ ದಿನ, “ಹಿಂದೆ ನೋಡೋಕಾಗ್ಲಿಲ್ವಾ?” ಎಂದು ಎಲ್ಲರೆದುರು ಕೇಳಿದ್ದೆ. ಅಂದಿನಿಂದ ನೀವು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಅಪ್ಪಾ, ನಾನೂ ನೋಡಿದೆ, ಏನೂ ಕಾಣಲಿಲ್ಲ. ಕೈ ಕಾಣುವವರೆಗೆ ಕಾಯಬೇಕೆಂದು ನನಗೆ ಕಲಿಸಿದವರಿದ್ದರು. ಅವತ್ತು ನಿಮಗೆ ಕೈ ತೋರಿಸುವವರೇ ಇರಲಿಲ್ಲ. ನಾನು ಹಾಗೆ ಕೇಳಬಾರದಿತ್ತು. ಕ್ಷಮಿಸಿ.