ಹೊನ್ನಮ್ಮನ ಹಗೇವು

ನನ್ನ ಅಪ್ಪಾ,

ಮೊದಲು ಖುಷಿಯ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನ್ನ ಮದುವೆಯಾಯಿತು. ಯಾರ ಜೊತೆ ಗೊತ್ತಾ? ನಿನ್ನ ರೇಷನ್ ಟೆಂಪೋ ಓಡಿಸುತ್ತಿದ್ದ ಮಂಜು. ಎಷ್ಟು ಒಳ್ಳೆಯವನು ಅಂದರೆ, ಪುಟಗಟ್ಟಲೆ ಬರೆಯಬಹುದು. ಆದರೆ ಕಾನ್ವೆಂಟಿನಲ್ಲಿ ಓದಿದ ನನಗೆ ಇಷ್ಟುದ್ದ ಕನ್ನಡ ಪತ್ರ ಇದೇ ಮೊದಲು. ತಪ್ಪಿದ್ದರೆ ನೀನು ಯಾವಾಗಲೂ ಮಾಡುವ ಹಾಗೆ ಬೈದು ತಿದ್ದು. ತಿದ್ದಲು ನೀನು...

ಆ ಶೆಡ್ಡಿನ ಮುಂದೆ ನೀನು ಮೊದಲ ಸಲ ಅನ್ನದ ಪಾತ್ರೆ ಇಳಿಸಿದ್ದು ನೆನಪಿದೆಯಾ? ಹೊಸದುರ್ಗದ ಕಡೆಯ ಆ ಊರಿನಲ್ಲಿ ದಾರಿಯ ವಿಷಯಕ್ಕೆ ಜಗಳವಾಗಿ ಕೇರಿಗೆ ಬೆಂಕಿ ಇಟ್ಟಿದ್ದರು. ಓಡಿಬಂದವರು ರಾಮಗಿರಿ ಬೆಟ್ಟದ ಬುಡದ ಆ ಶೆಡ್ಡಿನಲ್ಲಿ ಕೂತಿದ್ದರು. ಮಕ್ಕಳು ಕೂಡ ಅಳುತ್ತಿರಲಿಲ್ಲ. ಕೊಡುವವರ ಕೈ ಒಂದು ದಿನ ಸೋಲುತ್ತದೆ ಎಂದು ನಿನಗೆ ಆಗಲೇ ತಿಳಿದಿತ್ತು. ಅದಕ್ಕೇ ಪಕ್ಕದ ಹೊಲವನ್ನು ಗುತ್ತಿಗೆಗೆ ಹಿಡಿದು, ಉಳುಮೆ ಮಾಡಿಸಿ, ರಾಗಿ ಬಿತ್ತಿರಿ ಎಂದೆ ನೀನು.

ಹೊನ್ನಮ್ಮ ನಿನಗೆ ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಕೇರಿಯಲ್ಲಿ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಬೀಜ ಹಾಕುವವಳು ಹಿರಿಯಳಾದ ಅವಳೇ. ಅವಳು ಹಾಕದೆ ಬೇರೆಯವರು ಬಿತ್ತುವುದಿಲ್ಲ.

"ಇಲ್ಲಿ ಬಿತ್ತಿದ್ರೆ ಅಲ್ಲಿದು ಬಿಟ್ಟಂಗಾಯ್ತು ಸ್ವಾಮಿ. ಮನೆ ಸುಟ್ಟೈತೆ, ಅಂಗಳದಾಗೆ ಹಗೇವು ಐತೆ. ನೆಲದೊಳಗಿನ ರಾಗಿಗೆ ಬೆಂಕಿ ತಾಕಲ್ಲ."

"ಲೇ ಹೊನ್ನಮ್ಮ, ರಾಗಿ ಅಲ್ಲೈತೆ, ಹೊಟ್ಟೆ ಇಲ್ಲೈತಲ್ಲ," ಎಂದೆ ನೀನು. ಅವಳು ನಕ್ಕಳು, ಬಗ್ಗಲಿಲ್ಲ. ಆ ವಾರವೇ ನಿನ್ನ ಎದೆಬಡಿತ ನಿಂತುಹೋಯಿತು. ಇನ್ನೊಂದು ತಿಂಗಳು ಇರಬಾರದಿತ್ತೇ ಅಪ್ಪಾ?

ನೀನು ಹೋದ ಮೇಲೆ ಅಕ್ಕಿ ಕಳಿಸುತ್ತಿದ್ದವರು ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನು ನಿಲ್ಲಿಸಿದರು. ಶೆಡ್ಡಿನಲ್ಲಿ ಒಂದೇ ಹೊತ್ತು ಒಲೆ ಉರಿಯತೊಡಗಿತು. ಭೂಮಿ ಹದವಾಗಿತ್ತು, ಬಾಡಿಗೆಯ ಎತ್ತುಗಳು ಸಿಕ್ಕಿದ್ದವು. ಹೊನ್ನಮ್ಮ ಮಾತ್ರ, ನನ್ನ ಹಗೇವು ತೆಗೆಸಿ, ಅದೇ ರಾಗಿ ತಂದು ಉಣ್ಣಾಣ ಎನ್ನುತ್ತಿದ್ದಳು. ಕೊನೆಗೆ ಪೊಲೀಸರನ್ನು ಕೇಳಿಕೊಂಡು ನಾನು, ಮಂಜು ಅವಳನ್ನು ಕರೆದೊಯ್ದೆವು.

ಟೆಂಪೋದಲ್ಲಿ ಅವಳು ನನ್ನನ್ನೇ ಗೋಳು ಹೊಯ್ದುಕೊಂಡಳು. "ಏನವ್ವ, ಅರಿಶಿಣ ಇನ್ನೂ ಆರಿಲ್ಲ, ಸುಟ್ಟ ಮನೆ ನೋಡಾಕೆ ಬಂದೀಯ? ಹನಿಮೂನಿಗೆ ಬೇರೆ ಜಾಗ ಸಿಗ್ಲಿಲ್ವೇನಪ್ಪ ಮಂಜು?" ನಾವು ಮೂವರೂ ನಕ್ಕೆವು. ಊರು ಬಂತು. ನಗು ನಿಂತಿತು. ಕಿಟಕಿಗಳ ಹಿಂದೆ ಮುಖಗಳಿದ್ದವು. ಅಲ್ಲಿ ಕಾವಲಿಗಿದ್ದ ಪೇದೆ, "ಬೇಗ ನೋಡ್ಕಂಡು ಬರ್ರಿ," ಎಂದ.

ಹಗೇವಿನ ಬಾಯಿ ತೆಗೆದರೆ ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ದೀಪ ಇಳಿಸಿ ನೋಡಬೇಕು. ಹೊನ್ನಮ್ಮ ದೀಪ ತಂದಿದ್ದಳು. ಹಚ್ಚುವ ಕೆಲಸವೇ ಬೀಳಲಿಲ್ಲ. ನಾಲ್ಕು ಜನ ಎತ್ತಬೇಕಾದ ಚಪ್ಪಡಿ ಪಕ್ಕದಲ್ಲಿ ಬಿದ್ದಿತ್ತು. ಅಷ್ಟು ಭಾರದ ಕಲ್ಲು ತಾನಾಗಿ ಸರಿಯುತ್ತದೆಯೇ? ಇಷ್ಟು ದಿನದ ಮಳೆ ನೀರೆಲ್ಲ ಒಳಗೆ ಇಳಿದಿತ್ತು. ಕೊಳೆತ ರಾಗಿಯ ಆ ವಾಸನೆ... ಕದ್ದಿದ್ದರೆ ಯಾರೋ ಉಂಡರು ಎನ್ನಬಹುದಿತ್ತು. ಅವರು ಉಣ್ಣಲೂ ಇಲ್ಲ.

"ನಾಯಿಗಾದ್ರೂ ಹಾಕ್ಬೋದಿತ್ತಲ್ಲ," ಎಂದಳು ಹೊನ್ನಮ್ಮ. ಅಷ್ಟೇ. ಹಚ್ಚದ ದೀಪ ಎತ್ತಿಕೊಂಡು ಟೆಂಪೋ ಹತ್ತಿದಳು.

ಮಾರನೆಯ ಬೆಳಿಗ್ಗೆ ನಾವು ಕೇಳುವ ಮೊದಲೇ ಅವಳು ಹೊಲದಲ್ಲಿದ್ದಳು. ನೀನು ತಂದಿಟ್ಟ ಬೀಜದ ಚೀಲ ಬಿಚ್ಚಿ, ಬಟ್ಟಲಿಗೆ ಮೊದಲ ಹಿಡಿ ಹಾಕಿದಳು. ಎತ್ತುಗಳು ಹೆಜ್ಜೆ ಇಟ್ಟವು. ಉಳಿದ ಹೆಂಗಸರು ಸೆರಗು ಕಟ್ಟಿಕೊಂಡು ಬಂದರು. ಸಂಜೆ ಬದುವಿನ ಮೇಲೆ ಕುಳಿತು ಕೇಳಿದಳು:

"ಇದು ಹುಟ್ಟಿದ್ರೆ ನಾನು ಇಲ್ಲಿಯವ್ಳೇ ಆಗ್ಬಿಡ್ತೀನಿ, ಅಲ್ಲೇನವ್ವ?"

ನೀನಿದ್ದಿದ್ದರೆ ಏನು ಹೇಳುತ್ತಿದ್ದೆ?

ಚಪ್ಪಡಿಯ ಫೋಟೋ ತೆಗೆದು, ಬೆಂಕಿ ಇಟ್ಟ ಕೇಸು ನಡೆಸುತ್ತಿರುವ ಅವಳ ವಕೀಲರಿಗೆ ಕೊಟ್ಟಿದ್ದೇನೆ. ಸಾಕ್ಷಿ ಹೇಳಲು ಕರೆದರೆ ನಾನೂ ಮಂಜುವೂ ಹೋಗುತ್ತೇವೆ, ಎಷ್ಟು ಸಲವಾದರೂ. ಇವತ್ತು ಬೆಳಿಗ್ಗೆ ಹೊಲದ ಕಡೆ ಹೋಗಿದ್ದೆ. ಹೊನ್ನಮ್ಮ ನನಗಿಂತ ಮೊದಲೇ ಬಂದು ಸಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ತಲೆ ಎತ್ತಿ ನನ್ನನ್ನು ನೋಡಲಿಲ್ಲ.

ಅಪ್ಪಾ, ರಾಗಿ ಹುಟ್ಟಿದೆ.