ಹುಳಿಹಿಟ್ಟಿನ ಪಾತ್ರೆ

ಅಣ್ಣಾ,

ನಿನ್ನನ್ನು ಎಲ್ಲಿಟ್ಟಿದ್ದಾರೋ ಯಾರೂ ಹೇಳುವುದಿಲ್ಲ. ಸುಮ್ಮನೆ ಬರೆಯುತ್ತಿದ್ದೇನೆ.

ಇವತ್ತು ನಿನ್ನ ಬೇಕರಿಗೆ 'ಜನರ ಬೇಕರಿ' ಎಂಬ ಬೋರ್ಡು ಹಾಕಿದರು. ಸರ್ಕಾರ ಬ್ರೆಡ್ಡಿನ ಬೆಲೆಯನ್ನು ಅರ್ಧಕ್ಕಿಳಿಸಿದೆ. ಕೊಳ್ಳುವವರ ಸಾಲು ಬೀದಿಯ ತಿರುವು ದಾಟಿತ್ತು. ನಾನೀಗ ಮ್ಯಾನೇಜರ್. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಬ್ರೆಡ್ಡು ಉಬ್ಬಲಿಲ್ಲ, ಇಟ್ಟಿಗೆಯಂತಿತ್ತು. ಆದರೂ ಒಂದೂ ಉಳಿಯಲಿಲ್ಲ. ಮೂಲೆಮನೆ ಅಜ್ಜಿ ಕೈಯಲ್ಲಿ ತೂಗಿ ನೋಡಿದಳು.

"ಅಗ್ಗವೇನೋ ಆಯ್ತಪ್ಪಾ, ಹಲ್ಲು ಯಾರು ಕೊಡ್ತಾರೆ? ನಿಮ್ಮಣ್ಣ ಯಾವಾಗ ಬರ್ತಾನೆ?"

"ಬರ್ತಾನೆ" ಅಂದೆ.

ಅಪ್ಪನ ಕಾಲದಿಂದ ದಿನವೂ ಹಿಟ್ಟುಣಿಸಿ ಉಳಿಸಿಕೊಂಡಿದ್ದ, ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟು ಎಲ್ಲಿ ಎಂದು ಬೇಕರಿಯನ್ನು ವಶಕ್ಕೆ ಪಡೆದ ಸರ್ಕಾರಿ ಸಮಿತಿಯವರು ಕೇಳಿದರು. ಗೊತ್ತಿಲ್ಲ ಎಂದೆ.

ಅವರು ನಿನ್ನನ್ನು ಕರೆದೊಯ್ದ ಮಧ್ಯಾಹ್ನ, ತಪಾಸಣೆಗೆ ಚೊಕ್ಕಟವಾಗಿ ಕಾಣಲೆಂದು ಆ ಹುಳಿಹಿಟ್ಟಿದ್ದ ಪಾತ್ರೆಯನ್ನು ನಾನೇ ತಿಕ್ಕಿ ತೊಳೆದಿಟ್ಟಿದ್ದೆ. ಈಗಲೂ ಫಳಫಳ ಹೊಳೆಯುತ್ತಿದೆ.