ಎದುರಿನಿಂದ ತೆಗೆಸಿದ ಫೋಟೋ

ಅಮ್ಮಾ,

ಓದುವ ಮೊದಲು ಸಿಟ್ಟಾಗುವುದಿಲ್ಲ ಎಂದು ಒಪ್ಪಿಕೋ. ನೀನು ಒಪ್ಪುವವಳಲ್ಲ, ಗೊತ್ತು. ಆದರೂ ಬರೆಯುತ್ತೇನೆ. ನೀನು ಹೋದ ಮೇಲೆ ಎರಡು ಮಳೆಗಾಲ ಕಳೆದವು. ಈಗ ನಾನೊಂದು ಫೋಟೋ ತೆಗೆಸಿದ್ದೇನೆ, ಅದರಲ್ಲಿ ನನ್ನ ಎಡಗೆನ್ನೆ ಪೂರ್ತಿ ಕಾಣುತ್ತದೆ.

ಮೊದಲಿನಿಂದ ಹೇಳುತ್ತೇನೆ. ಕಳೆದ ತಿಂಗಳು ಅಂಬರನಾಥದ ನಮ್ಮ ಪೇಂಟ್ ಕಂಪನಿಯಲ್ಲಿ ಎಲ್ಲರನ್ನೂ ಕರೆದು, ಫ್ಯಾಕ್ಟರಿ ಗುಜರಾತಿಗೆ ಹೋಗುತ್ತದೆ ಎಂದರು. ಈ ಕಂಪನಿಯ ಲ್ಯಾಬಿನಲ್ಲಿ ಬಣ್ಣ ಪರೀಕ್ಷೆ ಮಾಡುತ್ತಲೇ ಕೂದಲು ನೆರೆಸಿಕೊಂಡ ನಾನು ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಬೇರೆ ಕೆಲಸ ಹುಡುಕಬೇಕು. ಈಗ ಅರ್ಜಿ ಹಿಡಿದು ಆಫೀಸಿನ ಬಾಗಿಲಿಗೆ ಹೋಗುವ ಕಾಲವಲ್ಲ. ಇಂಟರ್‌ನೆಟ್ಟಿನಲ್ಲಿ ಪ್ರೊಫೈಲ್ ಮಾಡಬೇಕು. ಹೆಸರು, ಕೆಲಸ, ಅನುಭವ, ಎಲ್ಲಕ್ಕೂ ಮೇಲೆ ಗುಂಡಗಿನ ಒಂದು ಜಾಗದಲ್ಲಿ ಮುಖ. ಫೋಟೋ ಇಲ್ಲದ ಪ್ರೊಫೈಲನ್ನು ಯಾರೂ ತೆರೆಯುವುದೇ ಇಲ್ಲವಂತೆ. ಮುಖ ಎದುರಿಗಿರಬೇಕು, ಬೆಳಕು ಮುಂದಿನಿಂದ ಬೀಳಬೇಕು, ಹಿಂದೆ ಸಾದಾ ಗೋಡೆ ಇರಬೇಕು. ಮದುವೆಮನೆಯ ಜರಿಸೀರೆ, ಮಲ್ಲಿಗೆ, ಪಕ್ಕದವರ ಅರ್ಧ ಭುಜ, ಇವೆಲ್ಲ ನಡೆಯುವುದಿಲ್ಲ.

ಆಲ್ಬಂಗಳನ್ನೆಲ್ಲ ಕಪಾಟಿನಿಂದ ಇಳಿಸಿದೆ, ಫೋನನ್ನು ಜಾಲಾಡಿದೆ. ಒಂದೂ ಸಿಗಲಿಲ್ಲ. ಎಲ್ಲದರಲ್ಲೂ ನಾನು ಎಡಕ್ಕೆ ತಿರುಗಿ ಬಲಗೆನ್ನೆ ತೋರಿಸುತ್ತಿದ್ದೇನೆ. ಸುಧೀರನ ಮದುವೆಯಲ್ಲಿ ಇಡೀ ಬಳಗ ಕ್ಯಾಮೆರಾ ನೋಡುತ್ತಿದ್ದರೆ ನಾನೊಬ್ಬಳು ಊಟದ ಹಾಲಿನ ಕಡೆ ನೋಡುತ್ತಿದ್ದೇನೆ. ಯಾರಾದರೂ ನೋಡಿದರೆ ಮದುಮಗನ ಅಕ್ಕನಿಗೆ ಎಷ್ಟು ಹಸಿವಾಗಿತ್ತಪ್ಪಾ ಎಂದುಕೊಂಡಾರು.

"ಒಂಚೂರು ಎಡಕ್ಕೆ ತಿರುಗು ಮಗಾ. ಹಾಂ, ಇನ್ನು ಅಲ್ಲಾಡ್ಬೇಡ." ನೀನು ಹೇಳುತ್ತಿದ್ದದ್ದು ನೆನಪಿದೆಯಾ? ಎಡಗಣ್ಣಿನ ಕೆಳಗೆ ಚಿಕ್ಕದಾಗಿ ಕಾಣಿಸಿಕೊಂಡ ಬಿಳಿ ಕಲೆ ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ತುಟಿಯ ತುದಿಗೆ ಇಳಿದಿತ್ತು. ತೊನ್ನು ಎಂಬ ಶಬ್ದ ನಿನ್ನ ಬಾಯಿಂದ ಯಾವತ್ತೂ ಬರಲಿಲ್ಲ. 'ಅದು' ಎನ್ನುತ್ತಿದ್ದೆ. "ಅದು ಕಾಣ್ತದೆ, ಕೂದಲು ಮುಂದೆ ತಕೋ." ಅದು ಅಂಟುವುದಿಲ್ಲ, ನೋಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ ನೀನೂ ಪಕ್ಕದಲ್ಲೇ ಕೂತಿದ್ದೆ. ಮತ್ತೆ ಯಾಕಮ್ಮಾ ಇಷ್ಟೆಲ್ಲ...

ಸಂಬಂಧ ನೋಡಲೆಂದು ನನ್ನನ್ನು ಕಲ್ಯಾಣದ ಸ್ಟುಡಿಯೋಕ್ಕೆ ಕರೆದುಕೊಂಡು ಹೋದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. "ಇಕಡೂನ್ ಕಾಢಾ ಭಾವೂ, ಇಕಡೂನ್" ಎಂದು, ಈ ಕಡೆಯಿಂದ ತೆಗಿ ಅಂತ, ನಿನ್ನ ಕುಂದಾಪುರದ ಮರಾಠಿಯಲ್ಲಿ ಫೋಟೋದವನಿಗೆ ನನ್ನ ಬಲಗೆನ್ನೆ ತೋರಿಸಿದೆ. ಸಾಲದ್ದಕ್ಕೆ, ಫೋಟೋದಲ್ಲಿ ಕಾಣುವಷ್ಟು ಕಲೆಯನ್ನೂ ಬ್ರಶ್ಶಿನಲ್ಲಿ ತೀಡಿಸಿದೆ. ಆ ಫೋಟೋ ಊರಿಗೆ ಹೋಯಿತು, ಹುಡುಗನ ಕಡೆಯವರು ಡೊಂಬಿವಲಿಯ ನಮ್ಮ ಮನೆಗೆ ಬಂದರು. ನಾನು ಕಾಫಿ ತಂದಾಗ ಹುಡುಗನ ತಾಯಿ ಪರ್ಸಿನಿಂದ ಫೋಟೋ ತೆಗೆದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. "ಫೋಟೋದಲ್ಲಿ ಹೀಗಿರ್ಲಿಲ್ಲ ಅಲ್ವಾ?" ಎಂದು ಮರ್ಯಾದೆಯಿಂದಲೇ ಕೇಳಿದರು. ಅವರು ಹೋದ ಮೇಲೆ ನೀನು ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡೆ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ನೇರ ಫೋಟೋ ನೋಡಿ ಬೇಡ ಎನ್ನುವವರು ಊರಲ್ಲೇ ಬೇಡ ಎನ್ನುತ್ತಿದ್ದರು. ನಾನು ಟ್ರೇ ಹಿಡಿದುಕೊಂಡು ಅದನ್ನು ಕೇಳಬೇಕಿತ್ತೇ?

ಈಗಿನ ಕಥೆಗೆ ಬರುತ್ತೇನೆ. ನನ್ನ ಪರದಾಟ ನೋಡಿ ಸುಧೀರನ ಹೆಂಡತಿ ವೀಣಾ ತಾನೇ ಫೋನಿನಲ್ಲಿ ನನ್ನದೊಂದು ಫೋಟೋ ತೆಗೆದಳು. ಅದೇನೋ ಆ್ಯಪ್ ಇದೆಯಂತೆ. ಬೆರಳಲ್ಲಿ ಒಮ್ಮೆ ಒತ್ತಿದಳು, ಕಲೆ ಮಾಯ. "ನೋಡಿ ಅಕ್ಕ, ಎಷ್ಟು ನೀಟ್ ಬಂತು. ಇದನ್ನೇ ಹಾಕಿ. ಮೊದ್ಲು ಇಂಟರ್‌ವ್ಯೂಗೆ ಕರೀಲಿ, ಆಮೇಲಿಂದು ಆಮೇಲೆ ನೋಡ್ಕೊಳ್ಳುವ" ಎಂದಳು. ಪಾಪ, ಅವಳಿಗೆ ನನ್ನ ಮೇಲೆ ಪ್ರೀತಿಯೇ. ಫೋಟೋದಲ್ಲಿದ್ದವಳು ಚೆಂದವೂ ಇದ್ದಳು, ಸುಳ್ಳು ಯಾಕೆ ಹೇಳಲಿ. ಹಾಕಿಬಿಡೋಣ ಎಂದು ಮನಸ್ಸು ಜಗ್ಗಿತು.

ಆದರೆ ನನ್ನ ಕೆಲಸ ಏನು ಹೇಳು? ಗಿರಾಕಿ ಒಪ್ಪಿದ ಸ್ಯಾಂಪಲ್ಲನ್ನು ಒಂದು ಕೈಯಲ್ಲಿ, ತಯಾರಾದ ಮಾಲಿನ ಬಣ್ಣ ಬಳಿದ ತಗಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡುವುದು. ಎರಡೂ ಒಂದೇ ಆಗಿರದಿದ್ದರೆ, ಮಾಲು ಎಷ್ಟೇ ಚೆನ್ನಾಗಿರಲಿ, ಇಡೀ ಲಾಟ್ ವಾಪಸ್. ಮ್ಯಾನೇಜರ್ ಬಂದು ಬೇಡಿಕೊಂಡರೂ ನಾನು ಸಹಿ ಹಾಕಿದವಳಲ್ಲ. ಹಾಗಿರುವಾಗ ನನ್ನದೇ ತಪ್ಪು ಸ್ಯಾಂಪಲ್ಲನ್ನು ನಾನೇ ಕಳಿಸಿ, ಬೇಲಾಪುರದ ಯಾವುದೋ ಆಫೀಸಿನಲ್ಲಿ ಮತ್ತೊಬ್ಬರು ಒಮ್ಮೆ ಫೋಟೋ, ಒಮ್ಮೆ ನನ್ನನ್ನು ನೋಡುವಂತೆ ಮಾಡಲೇ?

ಇಷ್ಟಾದರೂ ನಾಲ್ಕಾರು ದಿನ ಹಾಕುವುದೋ ಬಿಡುವುದೋ ಎಂದು ತೂಗುತ್ತಲೇ ಇದ್ದೆ. ಕೊನೆಗೆ ತೀರ್ಮಾನವಾದದ್ದು ಸಾನ್ವಿಯಿಂದ. ಇದು ನಿನಗೆ ಗೊತ್ತಿಲ್ಲದ ಸುದ್ದಿ, ಗಟ್ಟಿ ಮನಸ್ಸು ಮಾಡಿಕೊಂಡು ಕೇಳು. ದೀಪಾವಳಿಯ ಹೊತ್ತಿಗೆ ನಿನ್ನ ಮೊಮ್ಮಗಳ ಗದ್ದದ ಮೇಲೆ ಕಡಲೆಕಾಳಿನಷ್ಟು ಬಿಳಿ ಕಲೆ ಕಾಣಿಸಿಕೊಂಡಿತು. ಔಷಧ ನಡೆಯುತ್ತಿದೆ. ಮೊನ್ನೆ ಭಾನುವಾರ ಸ್ಕೂಲಿನ ಐಡಿಗೆಂದು ವೀಣಾ ಮಗಳ ಫೋಟೋ ತೆಗೆಯುತ್ತಿದ್ದಳು. "ಗದ್ದ ಒಂಚೂರು ಕೆಳಗೆ ಮಾಡು ಮಗಾ, ಅದು ಕಾಣ್ತದೆ" ಎಂದಳು.

ಅದು. ವೀಣಾಳ ಬಾಯಲ್ಲಿ ನಿನ್ನದೇ ಶಬ್ದ. ಕನ್ನಡ ಅರ್ಥವಾದರೂ ಹಿಂದಿಯಲ್ಲೇ ಉತ್ತರ ಕೊಡುವ ಆ ಹುಡುಗಿ "ಕ್ಯಾ ದಿಖ್ತಾ ಹೈ ಮಮ್ಮಿ?" ಎಂದು ಕೇಳಿದಳು. ಏನು ಕಾಣುತ್ತದೆ ಎಂದು ಅವಳಿಗೆ ಹೇಳುವ ಬದಲು ವೀಣಾ ಫೋನನ್ನು ಮತ್ತೆ ಎತ್ತಿ ಹಿಡಿದಳು. ಸಾನ್ವಿ ಕೈಯಿಂದ ಗದ್ದ ಮುಟ್ಟಿ ನೋಡಿಕೊಂಡಳು, ಆಮೇಲೆ ತಾನಾಗಿಯೇ ತಲೆ ತಗ್ಗಿಸಿದಳು.

ಆ್ಯಪಿನ ಫೋಟೋವನ್ನು ಅಲ್ಲೇ ಅಳಿಸಿದೆ. ಚಪ್ಪಲಿ ಹಾಕಿಕೊಂಡು, ಸಾನ್ವಿಯ ಕೈ ಹಿಡಿದು, ಸ್ಟೇಷನ್ ಹತ್ತಿರದ ಸ್ಟುಡಿಯೋಕ್ಕೆ ನಡೆದೆ.

"ಸಮೋರ್ ಬಘಾ ಮ್ಯಾಡಮ್" ಎಂದ ಅಲ್ಲಿಯವನು. ಎದುರು ನೋಡಿದೆ. ಅವನು ಕ್ಯಾಮೆರಾ ಎತ್ತಿದ್ದೇ ನನ್ನ ಕುತ್ತಿಗೆ ಎಡಕ್ಕೆ ಹೋಯಿತು. ಮತ್ತೆ ಹೇಳಿದ, ಮತ್ತೆ ಹೋಯಿತು. ಬದುಕಿದ್ದಾಗ ನೀನು ಮಾಡಿಸಿದ ಅಭ್ಯಾಸ ಎಷ್ಟು ಪಕ್ಕಾ ನೋಡು. ನಗು ಬಂತು, ಹಿಂದೆಯೇ ನೀನು ನೆನಪಾದೆ. ಕೊನೆಗೆ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಲೆನ್ಸನ್ನೇ ದಿಟ್ಟಿಸಿದೆ. "ಟಚಪ್ ಕರೂ ಕಾ?" ಎಂದ, ಕಲೆ ಅಳಿಸಲೇ ಎನ್ನುವ ಹಾಗೆ. "ನಕೋ. ಜಸಾ ಆಹೇ ತಸಾ ದ್ಯಾ" ಎಂದೆ. ಇದ್ದ ಹಾಗೆಯೇ ಕೊಡಪ್ಪಾ, ಸಾಕು.

ಫೋಟೋ ಬಹಳ ಚೆಂದ ಬಂದಿದೆ ಎನ್ನುವುದಿಲ್ಲ. ಬೆಳಕು ಸರಿಯಾಗಿದೆ, ಗೋಡೆ ಸಾದಾ, ತಿಳಿನೀಲಿ ಕುರ್ತಾ ಒಪ್ಪುತ್ತದೆ. ಕಣ್ಣುಗಳು ಮಾತ್ರ ಸ್ವಲ್ಪ ಗುರಾಯಿಸುತ್ತಿವೆ. ಲಾಟ್ ವಾಪಸ್ ಕಳಿಸುವ ಹೆಂಗಸಿನ ಮುಖ ಇನ್ನು ಹೇಗಿರಬೇಕು? ಅದನ್ನೇ ಹಾಕಿದೆ. "ಅಕ್ಕ, ಕರೆಯದೇ ಹೋದ್ರೆ?" ಎಂದಳು ವೀಣಾ. "ಕರೆಯುವವರು ಯಾರನ್ನು ಕರೀತಿದ್ದೇವೆ ಅಂತ ನೋಡಿಯೇ ಕರೀಲಿ ಮಾರಾಯ್ತಿ" ಎಂದೆ. ಬೇಲಾಪುರದಿಂದ ಒಂದು ಕರೆ ಬಂದಿದೆ, ಗುರುವಾರ ಹೋಗಬೇಕು. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೆ ಇನ್ನೊಂದು ಕಡೆ, ಇದೇ ಫೋಟೋದಲ್ಲಿ.

ಅವತ್ತು ನಾನು ಇಳಿದ ಮೇಲೆ ಸಾನ್ವಿಯೂ ಸ್ಟೂಲ್ ಹತ್ತಿದಳು. ಹತ್ತಿದವಳು ತಲೆ ತಗ್ಗಿಸಿ ನನ್ನನ್ನೇ ನೋಡಿದಳು. ಸ್ವಲ್ಪ ಹೊತ್ತಿಗೆ ಅವಳೇ ಗದ್ದ ಎತ್ತಿದಳು. ಸ್ಕೂಲಿನ ಐಡಿಗೆ ಆ ಫೋಟೋವೇ ಹೋಗಿದೆ. ಈ ಮನೆಯಲ್ಲಿ ಇನ್ನು ಯಾರೂ ಆ ಹುಡುಗಿಯ ಮುಖ ತಿರುಗಿಸಕೂಡದು ಎಂದು ವೀಣಾಳಿಗೆ ಹೇಳಿದ್ದೇನೆ. ನೀನು ಇದ್ದಿದ್ದರೆ ನಿನಗೂ ಹೇಳುತ್ತಿದ್ದೆ. ನೀನು ಸುಮ್ಮನಿರುತ್ತಿರಲಿಲ್ಲ, ದೊಡ್ಡ ಜಗಳವಾಗುತ್ತಿತ್ತು. ಆಗಬೇಕಿತ್ತು ಅಮ್ಮಾ. ನೀನಿರುವಾಗಲೇ ನಾವಿಬ್ಬರೂ ಆ ಜಗಳ ಆಡಿ ಮುಗಿಸಬೇಕಿತ್ತು.

ನಿನ್ನ ಮಗಳು,
ಪ್ರಮೀಳಾ